ಸತುವಿನ ಕೂದಲು

ಕಾಟೊವಿತ್ಸೆ ನಗರದ ನೀರಿನ ಲೆಕ್ಕವೆಲ್ಲ
ಎರಡೆರಡು ಪ್ರತಿಯಾಗಿ ನಿಂತಿತ್ತು ನಮ್ಮ ನೆಲಮಾಳಿಗೆಯಲ್ಲಿ.
ಒಂದು ಡಿಸ್ಕ್ ಸತ್ತರೆ ಪಕ್ಕದ್ದು ಬಾಯಿ ತೆರೆಯುತ್ತದೆ,
ಒಂದು ಕೇಬಲ್ ಕಡಿದರೆ ಮಾತು ಇನ್ನೊಂದರಲ್ಲಿ ಹಾಯುತ್ತದೆ.
ಇದನ್ನು ಕಂಡುಹಿಡಿದವರ ಹೆಸರು ಪೇಟೆಂಟಿನ ಮೊದಲ ಪುಟದಲ್ಲಿದೆ:
ಐದು ಜನ, ಹದಿನೇಳು ಹಕ್ಕುಗಳು,
ಚೌಕದಿಂದ ಚೌಕಕ್ಕೆ ಬಾಣ ಹೋಗುವ ಚಿತ್ರ.
ಆ ಚಿತ್ರದಲ್ಲಿ ನೆಲ ಇಲ್ಲ.
ಬಿಳಿ ಹಾಳೆಯ ಮೇಲೆ ಚೌಕಗಳು
ಸುಮ್ಮನೆ ತೇಲುತ್ತವೆ.

ಫೆಬ್ರವರಿಯಲ್ಲಿ ಒಂದರ ಹಿಂದೊಂದು ಕೆಟ್ಟವು.
ಕಾರ್ಡು ಬದಲಿಸಿದೆವು. ಮತ್ತೆ ಕೆಟ್ಟವು.
ಯಾರೆಕ್ ಕರೆಂಟನ್ನು ಬೈದ, ನಾನು ಯಾರೆಕನನ್ನು ಬೈದೆ.
ಮೂರು ದಿನ ಊರಿಗೆ ಊರೇ ಪುಕ್ಕಟೆ ಸ್ನಾನ ಮಾಡಿತು.

ನಾಲ್ಕನೆಯ ರಾತ್ರಿ ನೆಲದ ಹಲಗೆಯೊಂದನ್ನು ಎತ್ತಿ
ಟಾರ್ಚನ್ನು ಓರೆ ಹಿಡಿದೆ.
ಹಲಗೆಯ ಹೊಟ್ಟೆ ಮಿನುಗಿತು,
ಹೆತ್ತ ಮರುದಿನ ಮಗುವಿನ ಹೆಗಲ ಮೇಲಿರುತ್ತದಲ್ಲ,
ಆ ರೋಮದ ಹಾಗೆ.
ಉಕ್ಕಿಗೆ ತುಕ್ಕು ತಾಗದಿರಲೆಂದು ಹಚ್ಚಿದ ಸತು
ಮೂವತ್ತು ವರ್ಷ ಕತ್ತಲಲ್ಲಿ ಕೂತು
ಕೂದಲು ಬಿಟ್ಟಿತ್ತು.
ಹಲಗೆ ಅಲುಗಿದರೆ ಮುರಿಯುತ್ತದೆ,
ತಣ್ಣನೆ ಗಾಳಿ ಏರುವಲ್ಲಿಗೆ ಏರುತ್ತದೆ,
ಮೂಲ ಪ್ರತಿಗೂ ನಕಲು ಪ್ರತಿಗೂ ನೆಲ ಒಂದೇ;
ಎಲ್ಲೋ ಎರಡು ತಂತಿಗಳ ನಡುವೆ ಅರೆಕ್ಷಣ ಸೇತುವೆಯಾಗಿ
ಉರಿದುಹೋಗುತ್ತದೆ.
ಕೊಲೆ ಉಂಟು, ಚೂರಿ ಇಲ್ಲ.

ಬೇಲಿಯೇ ಎದ್ದು ಹೊಲ ಮೇಯಿತೆನ್ನಲೆ?
ಎದ್ದಿರಲಿಲ್ಲ ಅದು. ಹಸಿದಿರಲೂ ಇಲ್ಲ.

ಹಲಗೆಯಂಚಿಗೆ ಮುದ್ರೆ: ಬಿಟೊಮ್, ಎಂಬತ್ತೆಂಟು.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು
ಟ್ರಾಮಿನಲ್ಲಿ ಹೋದೆ ಎವಾಲ್ಡ್ ಕೊತ್ಸುರನ ಮನೆಗೆ.
ಮೂರನೆಯ ಮಹಡಿ. ಛಾವಣಿಯ ಮೇಲೆ ಪಾರಿವಾಳದ ಗೂಡು.
ಮೊದಲು ಪಾರಿವಾಳ ತೋರಿಸಿದ: ಇದು ಲೀಜ್‌ನಿಂದ ಬಂತು,
ಇದು ಬಂದೇ ಇಲ್ಲ, ಇದು ಅದರ ಜೊತೆಯದು.

ಆಮೇಲೆ ಹಲಗೆ ಮುಟ್ಟಿ ಅಂದ:
‘ಸತು ಕಬ್ಬಿಣದ ಸಾವನ್ನು ತಾನು ಸಾಯುತ್ತದೆ,
ನಮ್ಮ ಮೇಸ್ತ್ರಿ ಹೀಗೆ ಹೇಳಿಕೊಟ್ಟಿದ್ದ.
ಸಾಯುವ ಮೊದಲು ಏನೇನು ಮಾಡುತ್ತದೆ ಅಂತ ಹೇಳಲಿಲ್ಲ.
ಕುದಿವ ಸತುವಿನಲ್ಲಿ ಅದ್ದಿದರೆ ಈ ರೋಗವಿಲ್ಲ, ಹುಡುಗಿ.
ಇದು ಕರೆಂಟಿನ ತೊಟ್ಟಿಯದು, ಹೊಳಪಿಗೆ ಏನೋ ಬೆರೆಸಿದ್ದು.
ಒಳಗೊಳಗೇ ಬಿಗಿದುಕೊಂಡಿರುತ್ತದೆ.
ಬಿಗಿದದ್ದು ಎಲ್ಲಾದರೂ ಬಾಯಿ ಬಿಡಬೇಕಲ್ಲ.’

ಮೇಜಿನ ಖಾನೆಯಲ್ಲಿ, ಹಕ್ಕಿಕಾಲಿನ ಉಂಗುರಗಳಡಿ
ಅವನ ಪೇಟೆಂಟು.
ಹಚ್ಚಿದ ಮೇಲೆ ಕಾಯಿಸು, ಕಾಯಿಸಿ ಮೇಲೊಂದು ಪದರ ಕೊಡು.
ಒಂದೇ ಹಕ್ಕು, ಒಂದೇ ಹೆಸರು, ಚಿತ್ರವಿಲ್ಲ.
ಕಾರ್ಖಾನೆ ಅಂದಿತ್ತು: ಹಲಗೆಗೆ ಎರಡು ಝ್ಲಾಟಿ ಜಾಸ್ತಿ.
ಮೂರನೆಯ ವರ್ಷದ ಶುಲ್ಕ ಕಟ್ಟಲಿಲ್ಲ,
ಆ ವರ್ಷ ರೂಫಿನಾಗೆ ಹಲ್ಲು ಕಟ್ಟಿಸಬೇಕಿತ್ತು.
ಇದನ್ನು ಹೇಳುವಾಗ ಅವನಿಗೆ ಬೇಸರವೇನೂ ಇದ್ದಂತಿಲ್ಲ.
ಒಳ್ಳೆಯ ಹಲ್ಲುಗಳು, ಅಂದ. ಕೊನೆಯವರೆಗೂ ಬಂದವು.

‘ನನ್ನ ನೀರಿನ ಬಿಲ್ಲೂ ಇತ್ತೇ ಅದರಲ್ಲಿ?’
‘ನಿಮ್ಮದು ಬಿಟೊಮ್, ಅದು ಬೇರೆ ಮಾಳಿಗೆ.’
‘ಅಲ್ಲಿಯ ಹಲಗೆ?’
ನಾನು ಉತ್ತರಿಸಲಿಲ್ಲ.

ಕನ್ನಡಕ ಏರಿಸಿ ಹಲಗೆಯನ್ನು ಕಿಟಕಿಗೆ ಓರೆ ಮಾಡಿದ.
ನಲವತ್ತು ವರ್ಷದ ಅಭ್ಯಾಸ, ಲೇಪ ನೋಡುವ ಮುನ್ನ ಧೂಳು ಊದುವುದು,
ತುಟಿ ಮುಂದೆ ಬಂತು.
ಊದಬೇಡಿ! ಎಂದು ಅವನ ತೋಳು ಹಿಡಿದೆ.
ಇಬ್ಬರೂ ಉಸಿರು ಕಟ್ಟಿ ನಿಂತೆವು.
ಮೇಲೆ ತಗಡಿನ ಮೇಲೆ ಪಾರಿವಾಳಗಳ ಉಗುರು.

ಹಿಂತಿರುಗುವಾಗ ಟ್ರಾಮು ತಿರುವಿನಲ್ಲಿ ವಾಲಿತು,
ಬಿಸಿಲೂ ವಾಲಿತು.
ನನ್ನ ಕಪ್ಪು ತೋಳಿನ ಮೇಲೆ ಒಂದು ಎಳೆ
ಇತ್ತು,
ಟ್ರಾಮು ನೆಟ್ಟಗಾದಾಗ ಇರಲಿಲ್ಲ.