ಮಡಿ

ಒಂಬತ್ತಾದರೂ ಮಾದಾಪುರದ ನಮ್ಮ ಇಳಿಜಾರಿಗೆ
ಬಿಸಿಲು ಇಳಿಯುವುದಿಲ್ಲ.
ಗುಡ್ಡದ ನೆತ್ತಿಯಲ್ಲಿ ಸಿಲ್ವರ್ ಓಕಿನ ತುದಿ ಹಿಡಿದು ನಿಂತಿರುತ್ತದೆ,
ಹೊಸ ನೆಂಟರ ಬಾಗಿಲಲ್ಲಿ
ಚಪ್ಪಲಿ ಬಿಡಲೋ ಬೇಡವೋ ಎನ್ನುವವರ ಹಾಗೆ.

ಅಷ್ಟರಲ್ಲಿ ದಮಯಂತಿ ಎರಡು ಸಾಲು ಕಾಫಿ ಕೊಯ್ದಿರುತ್ತಾಳೆ.
ಏಳಕ್ಕೇ ತೋಟದ ಜೀಪು. ಸೊಂಟಕ್ಕೆ ಚೀಲ,
ತಲೆಗೆ ನನ್ನ ಹಳೆಯ ಮಫ್ಲರು,
ಡಬ್ಬಿಯಲ್ಲಿ ಮೂರು ಅಕ್ಕಿ ರೊಟ್ಟಿ, ಒಂದಿಷ್ಟು ಎಳ್ಳು ಪಜ್ಜಿ.
ರೊಟ್ಟಿ ತಟ್ಟಿದ್ದು ನಾನು.
ಕೊಡಗಿನ ಭೂಪಟದ ಹಾಗಿದೆ ಎಂದಿದ್ದಳು ಮೊದಲ ದಿನ.
ಈಗ ಏನೂ ಹೇಳುವುದಿಲ್ಲ, ಖಾಲಿ ಡಬ್ಬಿ ತರುತ್ತಾಳೆ.

ಇಪ್ಪತ್ತೆರಡು ವರ್ಷ ನಾನೂ ಜೀಪು ಓಡಿಸಿದವನೇ.
ಎಡಗಾಲಿನ ಮಂಡಿ ಕ್ಲಚ್ಚಿಗೆ ಸವೆದುಹೋಯಿತು.
ಹಾಗಾಗಿ ಈ ಹಿತ್ತಲು: ಹದಿನೈದು ಸೆಂಟು,
ಕಾಫಿ ಸಿಪ್ಪೆಯ ಗೊಬ್ಬರ, ಬಚ್ಚಲೊಲೆಯ ಬೂದಿ,
ಮಣ್ಣಿಗೆ ಹಾರನ್ ಹೊಡೆದರೆ ದಾರಿ ಬಿಡುವುದಿಲ್ಲ ಎಂದು
ತಡವಾಗಿ ತಿಳಿದ ನಾನು.

ಹುತ್ತರಿ ಕಳೆದ ವಾರ ನಾಲ್ಕು ಮಡಿ ಎತ್ತಿದೆ.
ಒಂದಕ್ಕೆ ಬಟಾಣಿ, ಒಂದಕ್ಕೆ ಮೂಲಂಗಿ, ಅಂಚಿಗೆ ಕೊತ್ತಂಬರಿ,
ಒಂದು ಪೂರ್ತಿ ನವಿಲುಕೋಸು.
ನಾಲ್ಕನೆಯದು ಅತ್ತೆ ಬೆಳ್ಯಕ್ಕನದು, ಡೇಲಿಯ.
"ತಿನ್ನೋದಕ್ಕೆ ಬರಲ್ಲ" ಎಂದೆ.
"ನೋಡೋದಕ್ಕೆ ಬರ್ತದೆ" ಎಂದರು.
ಹಾರ್ಲಿಕ್ಸ್ ಬಾಟಲಿಯಲ್ಲಿ ಬೂದಿ ಬೆರೆಸಿಟ್ಟ ಬೀಜ ಅವರದು,
ಮೂರನೇ ಕ್ಲಾಸಿನ ಅಕ್ಷರದ ಚೀಟಿಯೂ ಅವರದು:
"ಬಟಾನಿ. ಮೊಲದ ಪಾಲು ಸೇರಿಸಿ ಹಾಕುವುದು."

ಮೊಲ ತನ್ನ ಪಾಲನ್ನು ತಾನೇ ನಿರ್ಧರಿಸಿತು.
ಆ ಕಥೆ ಈಗ ಬೇಡ.

ಮೊನ್ನೆ ರಾತ್ರಿ ಗಾಳಿ ನಿಂತಿತು.
ನಕ್ಷತ್ರ ಒಂದೊಂದೂ ಕಲ್ಲುಪ್ಪಿನ ಹರಳು.
ನಾಯಿ ಒಲೆಯ ಬಾಯಿಗೆ ಮೂತಿ ಕೊಟ್ಟು ಮಲಗಿತ್ತು.
ಅಂಗಳದಲ್ಲಿ ನಿಂತು ಹವೆಯನ್ನು ಮೂಗಿಗೆ ಎಳೆದುಕೊಂಡು
ಬೆಳ್ಯಕ್ಕ ಹೇಳಿದರು: "ಇವತ್ತು ಮಂಜು ಸುಡ್ತದೆ."
ಮಂಜು ಹೇಗೆ ಸುಡುತ್ತದೆ ಎಂದು ಮೇಷ್ಟ್ರು ಕೇಳಿಯಾರು.
ಎಳೆಯ ಎಲೆಗೆ ವ್ಯಾಕರಣ ಬರುವುದಿಲ್ಲ,
ಕಪ್ಪಗೆ ಕರಕಲಾಗುತ್ತದೆ.

ಗೋಣಿಗಳೆಲ್ಲ ತೋಟದ ಕಣದಲ್ಲಿ ಕಾಫಿ ತುಂಬಿಕೊಂಡಿದ್ದವು.
ಮನೆಯಲ್ಲಿ ಉಳಿದದ್ದು ಒಗೆದು ಮಡಿಚಿಟ್ಟ ಬಟ್ಟೆ.
ಹಗಲೆಲ್ಲ ಬಗ್ಗಿದ ಬೆನ್ನನ್ನು ಮತ್ತೊಮ್ಮೆ ಬಗ್ಗಿಸಿ
ದಮಯಂತಿ ಮಂಚದಡಿಯ ಪೆಟ್ಟಿಗೆ ಎಳೆದಳು:
ನನ್ನ ಡ್ರೈವರ್ ಕಾಲದ ಖಾಕಿ ಶರ್ಟು,
ಅತ್ತೆಯ ಎರಡು ಸೀರೆ, ಮದುವೆಯ ಜಮಖಾನ.
ಶಾಲೆಯ ಸ್ವೆಟರು ಕೊಡಲ್ಲ ಎಂದು ಅತ್ತ ತನುಜ
ಆಮೇಲೆ ತಾನೇ ತಂದು
ಡೇಲಿಯಕ್ಕೆ ಗುಂಡಿ ಹಾಕಿ ತೊಡಿಸಿದಳು.

ಟಾರ್ಚ್ ಹಿಡಿಯುವುದು ನನ್ನ ಕೆಲಸ.
ಕಡ್ಡಿ ಊರಿ, ತುದಿಗೆ ಕಲ್ಲಿಟ್ಟು,
ಮಡಿಯ ಮೇಲೆ ಮಡಿ ಹೊದಿಸಿದೆವು.
ಒಂದೇ ಮಾತು ಎರಡು ಸಲ ಬಂತಲ್ಲ ಎಂದು ನಗು ಬಂತು.
ಹಲ್ಲು ಕಟಕಟಿಸಿ ನಗು ಪೂರ್ತಿಯಾಗಲಿಲ್ಲ.

ಬೆಳಿಗ್ಗೆ ಕದ ತೆಗೆದರೆ
ಮನೆಯವರೆಲ್ಲ ಹಿತ್ತಲಲ್ಲಿ ಮಲಗಿದ್ದಾರೆ.
ನಾನು ಅಂಗಾತ, ತೋಳು ಚಾಚಿ, ಎದೆತುಂಬ ಇಬ್ಬನಿ.
ಅತ್ತೆ ಉದ್ದಕ್ಕೆ, ಹಸಿರಂಚು ಮೂಲಂಗಿಯವರೆಗೆ.
ಖಾಕಿಯ ಜೇಬಿನ ಅಂಚಿನಲ್ಲಿ ಒಂದು ಬಸವನಹುಳು,
ಟಿಕೆಟ್ಟಿಲ್ಲದ ಪ್ಯಾಸೆಂಜರು.
ಎತ್ತಿ ನೋಡಿದರೆ ನವಿಲುಕೋಸು
ಈಗಷ್ಟೇ ಎಬ್ಬಿಸಿದ ಮಗುವಿನಂತೆ ಮುಖ ಸಿಂಡರಿಸಿತು.
ಕೊನೆಯ ಏಳು ಸಸಿ ಕಪ್ಪಾಗಿದ್ದವು.
ಅಲ್ಲಿಗೆ ನಮ್ಮ ಬಟ್ಟೆ ಮುಗಿದಿತ್ತು.

ಗುಡ್ಡದ ತಿರುವಿನಲ್ಲಿ ಜೀಪಿನ ಹಾರನ್.
ಅವಳು ಖಾಕಿ ಶರ್ಟನ್ನು ಕೊಡವಿ
ಸೀರೆಯ ಮೇಲೇ ತೊಟ್ಟುಕೊಂಡಳು.
"ಒದ್ದೆ ಕಣೇ."
"ಎರಡು ಗಿಡ ಕೊಯ್ಯುವಷ್ಟರಲ್ಲಿ ಒಣಗ್ತದೆ."

ಅವಳು ಗೇಟು ದಾಟಿದ ಮೇಲೆ ನೆನಪಾಯಿತು,
ಜೇಬಿನ ವಿಷಯ ಹೇಳಲಿಲ್ಲ.