ಎಷ್ಟು ಇಂಚು?

ರೂವಿಯ ಹಿಂದಿನ ಗಲ್ಲಿ. ಎರಡು ಮಷೀನು, ಒಂದು ಇಸ್ತ್ರಿ.
ಗಿರಾಕಿಗಳ ಕನ್ನಡಿಯಲ್ಲಿ ಅರ್ಧ ಬೆಟ್ಟ ಕಾಣುತ್ತದೆ,
ಹುಲ್ಲುಕಡ್ಡಿಯೂ ಇಲ್ಲದ ಬೆಟ್ಟ.
ಇಲ್ಲಿ ನಾನು ಇಂಗ್ಲಿಷು ಕಲಿತದ್ದು ಟೇಪು ಹಿಡಿದು.

ಟೇಕ್ ಇನ್ ಅಂದರೆ ಸೊಂಟ ಹಿಡಿ.
ಲೆಟ್ ಔಟ್ ಅಂದರೆ ಬಿಡು, ಬಿರಿಯಾನಿಗೆ ಜಾಗ ಮಾಡು.
ಟೇಕ್ ಅಪ್ ಅಂದರೆ ಮೇಲಕ್ಕೆ ಮಡಚು.
ಲೆಟ್ ಡೌನ್ ಅಂದರೆ ಅಂಚು ಬಿಚ್ಚಿ ಇಳಿಸು.
ನಾಲ್ಕೇ ಮಾತು. ಹನ್ನೊಂದು ವರ್ಷ ಅನ್ನ ಹಾಕಿವೆ.

ಅದಕ್ಕೇ, ಪಾರ್ಲರಿನ ಮಾರಿಸೆಲ್
ಮಗಳ ಶಾಲೆಯ ನೀಲಿ ಲಂಗ ಮೇಜಿನ ಮೇಲಿಟ್ಟು
ಸೋಮವಾರಕ್ಕೇ ಬೇಕು, ದಾವಲ್, ಡೋಂಟ್ ಲೆಟ್ ಮಿ ಡೌನ್
ಅಂದಾಗ, ಕೊರಳ ಟೇಪು ತೆಗೆದು ಕೇಳಿದೆ:
ಎಷ್ಟು ಇಂಚು?

ನಕ್ಕಳು. ನಕ್ಕು ನಕ್ಕು ಕುರ್ಚಿ ಹಿಡಿದಳು.
ಸಿಲ್ಹೆಟ್ಟಿನ ಶಫೀಕುಲ್ ತನ್ನ ಮುರುಕು ಹಿಂದಿಯಲ್ಲಿ ಬಿಡಿಸಿ ಹೇಳಿದ:
ಬಟ್ಟೆಯನ್ನಲ್ಲ ಉಸ್ತಾದ್, ಮನುಷ್ಯರನ್ನ. ನಂಬಿಸಿ, ಆಮೇಲೆ...

ಓ. ಕೈ ಕೊಡೋದು.
ಹಂಗಂತ ಹೇಳಬಾರದೇನು!
ನಮ್ಮಲ್ಲೂ ಅದೇ ಪಾಡು. ಅಂಗಿಗೆ ಕೈ ಕೊಡು,
ಬಾವಿ ಹತ್ತುವವನಿಗೆ ಕೈ ಕೊಡು,
ಮೂರನೆಯದು ಗೊತ್ತೇ ಇದೆ.
ಕೈ ಹಿಡಿದವರು, ಕೈ ಬಿಟ್ಟವರು, ಕೈ ಎತ್ತಿದವರು,
ಎಲ್ಲರದೂ ಅದೇ ಕೈ;
ಬೆನ್ನಿಗೆ ಅಂಟಿದ ಪುಟ್ಟ ಮಾತು ತಿರುವಿಬಿಡುತ್ತದೆ.
ಇಂಗ್ಲಿಷು ಹೊಲಿದವನೂ ಸಿಂಪಿಗನೇ ಇರಬೇಕು:
ಥಾನು ಒಂದೇ, ಗುಂಡಿ ಮಾತ್ರ ಬೇರೆ.

ಲಂಗ ತಿರುವಿ ನೋಡಿದೆ. ಒಳಗುಳಿದದ್ದು ಅರ್ಧ ಇಂಚು.
ಹೋದ ವರ್ಷ ನಾನೇ ಇಳಿಸಿದ್ದೆ, ಅದರ ಹಿಂದಿನ ವರ್ಷವೂ.
ಹುಡುಗಿ ಬೆಳೆದದ್ದು ಮೂರು.
ಹೊಸದು ಕೊಳ್ಳಿ ಅನ್ನಲು ಬಾಯಿ ತೆರೆದೆ;
ಆಕೆಯ ಚಪ್ಪಲಿಯ ಬಾರು ಪಿನ್ನಿನ ಮೇಲೆ ನಿಂತಿತ್ತು.
ಮುಚ್ಚಿದೆ.

ಹೊಲಿಗೆ ಬಿಚ್ಚಿದರೆ ಹಳೆ ಮಡಿಕೆಗಳ ಗೆರೆ,
ಗೆರೆಯ ಕೆಳಗೆ ಬಿಸಿಲು ಮುಟ್ಟದ ಕಡುನೀಲಿ.
ವಿನೆಗರ್ ಹಚ್ಚಿದೆ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ.
ಹೋಗಲ್ಲ.
ಒಮ್ಮೆ ಇಳಿಸಿದ ಗುರುತು ಅಷ್ಟು ಸುಲಭಕ್ಕೆ ಹೋಗಲ್ಲ.

ಮಾಲಕ ಫೆಬ್ರವರಿಯಿಂದ ಹೇಳುತ್ತಿದ್ದಾನೆ, ಭುಜ ತಟ್ಟಿ:
ಐ ವೋಂಟ್ ಲೆಟ್ ಯು ಡೌನ್.
ಮೂರು ತಿಂಗಳ ಪಗಾರ.
ಎಷ್ಟು ಇಂಚು ಅಂತ ಅವನನ್ನಿನ್ನೂ ಕೇಳಿಲ್ಲ.

ಅವನ ನೀಲಿ ಥಾನಿನಿಂದಲೇ ಪಟ್ಟಿ ಕತ್ತರಿಸಿದೆ,
ಲೆಕ್ಕದ ಬುಕ್ಕಿನಲ್ಲಿ ಬರೆಯಲಿಲ್ಲ.
ಶಫೀಕುಲ್ ನೋಡಿದ, ದೀಪದ ಕಡೆ ತಿರುಗಿ ಸೂಜಿಗೆ ದಾರ ಪೋಣಿಸಿದ.

ಭಾನುವಾರ ರಾತ್ರಿಯೇ ಬಂದಳು. ಇನ್ನೂರು ಬೈಸಾ ಅಂದೆ.
ಒಳಗೆ ಎರಡಿಂಚು ಜಾಸ್ತಿ ಮಡಚಿಟ್ಟದ್ದು ಹೇಳಲಿಲ್ಲ.
ಬರುವ ವರ್ಷ ಬಿಚ್ಚಿದಾಗ ಕಾಣುತ್ತದೆ,
ಬಿಚ್ಚುವವನು ಯಾರೇ ಇರಲಿ.