ಮೂರು ಇಂಚು

ಶನಿವಾರ ರಾತ್ರಿಯೇ ಬೋಲ್ಟುಗಳಿಗೆ ಡೀಸೆಲ್ ಕುಡಿಸಿ ಮಲಗಿದ್ದೆ.
ಬೆಳಿಗ್ಗೆ ನೋಡಿದರೆ ಕುಡಿದದ್ದೇ ಸುಳ್ಳು ಎನ್ನುವಂತೆ
ಕಚ್ಚಿಕೊಂಡು ಕೂತಿದ್ದವು,
ಮೂವತ್ತಾರು ವರ್ಷದ ತುಕ್ಕಿನ ಹಲ್ಲು.

ಜೋಗಿಮಟ್ಟಿ ರಸ್ತೆಯ ನಮ್ಮ ಅಂಗಳ ಅಂದರೆ
ಒಂದು ಸೀಬೆ ಗಿಡ, ಒಂದು ನಲ್ಲಿ, ಒಗೆಯುವ ಕಲ್ಲು;
ಉಳಿದದ್ದೆಲ್ಲ ಜೀಪು.
ಗಣಿ ಕಂಪನಿ ಮುಚ್ಚಿದಾಗ ಹರಾಜಿನಲ್ಲಿ ಹಿಡಿದದ್ದು.
ಬಾಗಿಲಿಲ್ಲ, ಮೀಟರಿಲ್ಲ, ಬ್ರೇಕು ಅದರ ಮನಸ್ಸು ಬಂದಂತೆ.

ಎತ್ತರ ಯಾಕೆ ಬೇಕು ಎಂದವರಿಗೆ
ಹೊಟ್ಟೆಯಡಿಯ ಡಿಫರೆನ್ಷಿಯಲ್ ಉಂಡೆ ತೋರಿಸುತ್ತಿದ್ದೆ.
ದುರ್ಗದ ಬಂಡೆಗಳೆಲ್ಲ ಅದರ ಮೇಲೆ ರುಜು ಹಾಕಿವೆ.
ಪಶು ಆಸ್ಪತ್ರೆಯ ಕಾಂಪೌಂಡರ್ ನಾನು,
ಕುರಿಹಟ್ಟಿಗೆ ಔಷಧಿ ಒಯ್ಯುವ ದಾರಿಯದು ಆ ಉದ್ದನೆ ಗೀರು.
ನಡುದಾರಿಯಲ್ಲಿ ಕೂತ ಕಲ್ಲು ಈ ಊರಲ್ಲಿ ಏಳುವುದಿಲ್ಲ.
ಅದಕ್ಕೇ, ನಾನೇ ಏಳೋಣ ಅಂತ.

ಎದುರುಮನೆ ಮುಬೀನಾ ಬಂದಳು, ಐಟಿಐ ಎರಡನೇ ವರ್ಷ,
ಡೀಸೆಲ್ ಮೆಕ್ಯಾನಿಕ್ ಕ್ಲಾಸಿಗೆಲ್ಲ ಒಬ್ಬಳೇ ಹುಡುಗಿ.
ಜಾಕಿ ಏರಿಸಿ, ಚಾಸಿಗೆ ಸ್ಟ್ಯಾಂಡು ಕೊಟ್ಟು,
ಎರಡು ಸಲ ಅಲುಗಿಸಿ ನೋಡಿ,
ನಾನಿಟ್ಟಿದ್ದ ಸೈಜುಗಲ್ಲನ್ನು ಕಾಲಲ್ಲಿ ಸರಿಸಿದಳು:
"ಕಲ್ಲು ನಂಬಬೇಡಿ ಮಾಮ, ಹೇಳದೆ ಒಡೀತೈತೆ."
ಕೋಟೆ ಎದುರಿಗೇ ನಿಂತಿತ್ತು, ಏನೂ ಅನ್ನಲಿಲ್ಲ.

ಸ್ಪ್ಯಾನರಿಗೆ ಪೈಪು ತೊಡಿಸಿ ಇಬ್ಬರೂ ಜೋತುಬಿದ್ದೆವು.
ಟಣ್.
ಬಿಚ್ಚಿತೋ ಮುರಿಯಿತೋ ತಿಳಿಯಲಿಲ್ಲ.
ಮುರಿದಿತ್ತು.

ಹಳೇ ಕಮಾನ್ ಪಟ್ಟಿಯ ಕಟ್ಟು ಕೆಳಗಿಳಿದಾಗ
ಪಟ್ಟಿ ಪಟ್ಟಿಯ ಸಂದಿಯಿಂದ ಕೆಂಪು ಪುಡಿ ಸುರಿಯಿತು,
ಒಂದು ಹಿಡಿ, ಆಮೇಲೆ ಇನ್ನೊಂದು.
ಟೀ ತಂದ ಸೋದರತ್ತೆ ಬೋರಕ್ಕ
ಲೋಟ ಕೆಳಗಿಟ್ಟು, ಚಿಟಿಕೆ ತೆಗೆದು, ಬೆರಳಲ್ಲಿ ಉಜ್ಜಿದಳು.
"ತುಕ್ಕಲ್ಲಲೇ ಇದು. ಭೀಮಸಮುದ್ರದ ಅದಿರು."
ಹದಿನಾಲ್ಕು ವರ್ಷ ಬುಟ್ಟಿ ಹೊತ್ತವಳು.
ಸೀಗೆ ಹಾಕಿ ಎಷ್ಟು ತಿಕ್ಕಿದರೂ
ತಲೆಯಿಂದ ನೀರು ಕೆಂಪಗೇ ಇಳಿಯುತ್ತಿತ್ತಂತೆ.
"ಈ ಜೀಪಲ್ಲಿ ಮೇಸ್ತ್ರಿ ಬರ್ತಿದ್ದ.
ದೂರದಾಗೆ ಧೂಳು ಕಂಡ್ರೆ ಸಾಕು, ಕೂತೋರು ಏಳ್ತಿದ್ವಿ."
ಇದೇ ಜೀಪೋ, ಇಂಥದ್ದೋ, ನಾನು ಕೇಳಲಿಲ್ಲ.
ಪುಡಿಯನ್ನು ಅವಳು ಗುಡಿಸಲಿಲ್ಲ,
ಪೊರಕೆ ತಂದ ಮುಬೀನಾಗೂ ಬಿಡಲಿಲ್ಲ.

ಹೊಸ ಪಟ್ಟಿಗೆ ಇನ್ನೂ ಬಣ್ಣದ ವಾಸನೆ.
ಒಂದು ತುದಿ ಕೂತಿತು,
ಇನ್ನೊಂದು ಶ್ಯಾಕಲ್ಲಿಗೆ ಎರಡು ಬೆರಳು ಕಮ್ಮಿ.
ಎಳೆದೆ, ತಳ್ಳಿದೆ, ಸುತ್ತಿಗೆಯಲ್ಲಿ ಬೈದೆ.
ಅವಳು ಕೆಳಗಿಂದ ಆಕ್ಸಲ್ಲಿಗೆ ಜಾಕಿ ಕೊಟ್ಟಳು, ಸಾವಕಾಶ:
"ಬಾಗಿರೋವಾಗ ಗಿಡ್ಡ ಇರ್ತೈತೆ ಮಾಮ,
ಭಾರ ಬಿದ್ರೇ ಉದ್ದ ಆಗೋದು."
ಕಣ್ಣಿಗೆ ಕಣ್ಣು ಬಂತು. ಬೋಲ್ಟು ತೂರಿತು.
"ಪೂರ್ತಿ ಬಿಗೀಬೇಡಿ. ಗಾಲಿ ನೆಲ ಮುಟ್ಟಲಿ ಮೊದಲು."

ನೆಲ ಮುಟ್ಟುವ ಹೊತ್ತಿಗೆ ಸೂರ್ಯ
ಗಾಳಿಗಂಬಗಳ ಹಿಂದೆ ಇಳಿದಿದ್ದ.
ಜೀಪು ಇಳಿಯಿತು, ಇಳಿದೂ ಮೇಲೇ ಉಳಿಯಿತು.
ಸೀಬೆಯ ಕೊಂಬೆ ಮೊದಲ ಸಲ ಹುಡ್ಡಿಗೆ ತಾಗಿತು.

ಬೋರಕ್ಕ ಸೆರಗು ಸಿಕ್ಕಿಸಿ ಹೊರಟಳು,
ಮುಂದಿನ ಸೀಟು ಯಾವಾಗಲೂ ಅವಳದೇ.
ಕಾಲು ಎತ್ತಿದಳು. ಇಳಿಸಿದಳು. ಮತ್ತೆ ಎತ್ತಿದಳು.
"ನಿನ್ನ ಕಲ್ಲುಗಳಿಗೆ ಎತ್ತರ ಆತು ಬಿಡು" ಅಂದಳು.
ನಕ್ಕಳೋ ಇಲ್ಲವೋ, ಕತ್ತಲಾಗಿತ್ತು.

ಹಳೇ ಪಟ್ಟಿ ಕುಲುಮೆಯ ವೀರಾಚಾರಿಗೆ ಮಾತಾಗಿತ್ತು,
ಮಚ್ಚು ತಟ್ಟಲು, ಕಿಲೋ ಲೆಕ್ಕದಲ್ಲಿ;
ಮುಂಗಡ ನನ್ನ ಜೇಬಲ್ಲೇ ಇತ್ತು.
ಮುಬೀನಾ ಕೇಳಲಿಲ್ಲ. ಕಟ್ಟಿನಿಂದ ಒಂದನ್ನು ಎಳೆದಳು,
ಎರಡೂ ತುದಿಗೆ ಕಣ್ಣಿರುವ ಉದ್ದನೆಯದನ್ನು.
ಟಾರ್ಚು ನಾನು ಹಿಡಿದೆ.
ಹಳೇ ಶ್ಯಾಕಲ್ ಪ್ಲೇಟು, ಮುರಿಯದೆ ಉಳಿದ ಬೋಲ್ಟು,
ಬಾಗಿಲಿಲ್ಲದ ಬಾಗಿಲ ಕೆಳಗೆ
ಮೆಟ್ಟಿಲೊಂದನ್ನು ಬಿಗಿದಳು.

ಬೋರಕ್ಕ ಎಡಗಾಲಿಟ್ಟಳು.
ಪಟ್ಟಿ ತುಸು ಬಾಗಿತು, ಕಿರ್ರೆಂದಿತು,
ಅವಳ ತೂಕ ಮೊದಲೇ ಗೊತ್ತಿದ್ದ ಹಾಗೆ.

ವೀರಾಚಾರಿಗೆ ಒಂದೆರಡು ಮಚ್ಚು ಕಮ್ಮಿ.
ಸ್ಟೇರಿಂಗು ಎಡಕ್ಕೆ ಎಳೆಯುತ್ತಿದೆ, ಅದು ನಾಳೆಗೆ.
ಒಗೆಯುವ ಕಲ್ಲಿನ ಪಕ್ಕ ಆ ಕೆಂಪು ಪುಡಿ ಇನ್ನೂ ಇದೆ;
ನಲ್ಲಿ ಬಿಟ್ಟಾಗ ನೀರು
ಅದನ್ನು ಬಳಸಿಕೊಂಡು ಹೋಗುತ್ತದೆ.